ಶಿವನಂಜ ನೇರಪ್ರಸಾರಕ್ಕೆ ನಿಂತದ್ದು

ಬಾಣಗೆರೆ ಪೇಟೆಯಲ್ಲಿ ಒಂದು ಹಿಟ್ಟಿನ ಗಿರಣಿ. ಗಿರಣಿಯಲ್ಲಿ ಒಬ್ಬ ತಾಯಿ. ತಾಯಿಗೆ ಒಬ್ಬನೇ ಮಗ. ಮಗನ ತಲೆಯಲ್ಲಿ ಒಂದು ಹೊತ್ತಿಗೆ ಒಂದೇ ಮಾತು. ಇಷ್ಟು ತಿಳಿದರೆ ಕತೆ ಅರ್ಧ ತಿಳಿದಂತೆ, ಉಳಿದರ್ಧವನ್ನು ಕೇಳಿ.

ತಾಯಿಯ ಹೆಸರು ಚನ್ನಾಜಮ್ಮ, ಮಗನ ಹೆಸರು ಶಿವನಂಜ. ವಯಸ್ಸು ಇಪ್ಪತ್ತಾರು, ಎತ್ತರ ಆರಡಿ. ಕಂಠವಂತೂ ದಾರಿಹೋಕರು ತಿರುಗಿ ನೋಡುವಂಥದ್ದು. ಕೊರತೆ ಒಂದೇ: ಹೇಳಿದ್ದನ್ನು ಹೇಳಿದಂತೆಯೇ ಮಾಡುತ್ತಿದ್ದ.

"ಲೋ ಮಗ, ರಾಗಿ ಸುರಿದ ಮೇಲೆ ಗಿರಣಿ ಬಾಯಿಂದ ಕಣ್ಣು ತೆಗೀಬೇಡ" ಎಂದು ಹೇಳಿ ಚನ್ನಾಜಮ್ಮ ಒಮ್ಮೆ ಸಂತೆಗೆ ಹೋದಳು. ಬಂದು ನೋಡಿದರೆ ಶಿವನಂಜ ಗಿರಣಿಯ ಬಾಯನ್ನೇ ನೋಡುತ್ತ ನಿಂತಿದ್ದಾನೆ; ಕೆಳಗೆ ಡಬ್ಬ ತುಂಬಿ, ಚೀಲ ತುಂಬಿ, ಹಿಟ್ಟು ಅವನ ಮೊಣಕಾಲಿಗೆ ಬಂದಿದೆ.

"ಅಯ್ಯೋ ನನ್ನ ಕರ್ಮವೇ! ಕೆಳಗೂ ಒಂದು ಸಲ ನೋಡಬಾರದೇನೋ?"

"ಕಣ್ಣು ತೆಗೀಬೇಡ ಅಂದಿದ್ಯಲ್ಲವ್ವ!"

ಇಂಥ ಮಗನ ಕೈಗೆ ಗಿರಣಿ ಕೊಡುವುದು ಹೇಗೆ? ಕೊಡದೆ ಇರುವುದಾದರೂ ಹೇಗೆ? ಇಪ್ಪತ್ತು ವರ್ಷದ ಹಿಟ್ಟಿನ ದೂಳು ಚನ್ನಾಜಮ್ಮನ ಎದೆಗೆ ಇಳಿದಿತ್ತು. ಕೆಮ್ಮು ಹತ್ತಿದರೆ ಕಂಬ ಹಿಡಿದುಕೊಳ್ಳಬೇಕಾಗಿತ್ತು. "ಗಿರಣಿ ಬಿಡ್ತೀರೋ ಉಸಿರು ಬಿಡ್ತೀರೋ, ನೀವೇ ಹೇಳಿ" ಎಂದು ಡಾಕ್ಟರು ಖಂಡಿತವಾಗಿ ಹೇಳಿಬಿಟ್ಟಿದ್ದರು. ಗಿರಣಿಯನ್ನು ಬಾಡಿಗೆಗೆ ಹಿಡಿಯಲು ಜನ ಸಿದ್ಧರಿದ್ದರು. ಆದರೆ ಮಗನಿಗೆ ಒಂದು ಕೆಲಸವಾಗದೆ ಅವಳು ಗಿರಣಿಯನ್ನು ಬಿಡುವಂತಿರಲಿಲ್ಲ.

ಗಿರಣಿಯ ಮೇಲ್ಮಹಡಿಯಲ್ಲಿ 'ಡಂಗುರ ಟಿವಿ' ಎಂಬ ಊರಿನ ವಾಹಿನಿ ಇತ್ತು. ಕೆಳಗೆ ಗಿರಣಿ ತಿರುಗಿದರೆ ಮೇಲೆ ಸುದ್ದಿ ಓದುವ ಹುಡುಗಿಯ ದನಿ ನಡುಗುತ್ತಿತ್ತು. ಅದಕ್ಕಾಗಿ ಸಂಪಾದಕ ಮರಿಸ್ವಾಮಪ್ಪ ಗಿರಣಿಯಲ್ಲೊಂದು ಕೆಂಪು ದೀಪ ಹಾಕಿಸಿದ್ದರು. ದೀಪ ಹತ್ತಿದರೆ ನೇರಪ್ರಸಾರ ಎಂದರ್ಥ. ಚನ್ನಾಜಮ್ಮ ಗಿರಣಿ ನಿಲ್ಲಿಸಬೇಕು. ಒಂದು ದಿನ ದೀಪ ಹತ್ತಿತು, ಗಿರಣಿ ನಿಲ್ಲಲಿಲ್ಲ. ಮರಿಸ್ವಾಮಪ್ಪ ದಡಬಡನೆ ಇಳಿದು ಬಂದರು.

"ಅಮ್ಮಾ! ದೀಪ ಕಾಣಿಸಲಿಲ್ವಾ?"

"ಕಾಣಿಸ್ತು ಮರಿಸ್ವಾಮಪ್ಪಾರೆ. ಮೊದಲು ನನ್ನ ಮಗನಿಗೆ ನಿಮ್ಮಲ್ಲೊಂದು ಜಾಗ ಕೊಡಿ. ಆಮೇಲೆ ನಿಮ್ಮ ದೀಪಕ್ಕೆ ಮರ್ಯಾದೆ ಕೊಡ್ತೀನಿ."

ಮರಿಸ್ವಾಮಪ್ಪ ನಿಯತ್ತಿನ ಮನುಷ್ಯ. ತಪ್ಪು ಸುದ್ದಿ ಹೋದರೆ ಮುಚ್ಚಿಡದೆ, ಪರದೆಯ ಕೆಳಗೆ 'ವಿಷಾದಿಸುತ್ತೇವೆ' ಎಂಬ ಸಾಲನ್ನು ಇಡೀ ದಿನ ಓಡಿಸುವವರು. ಅವರು ಯೋಚಿಸಿ ಹೇಳಿದರು: "ನಾಲ್ಕು ಸಲ ಲೈವ್‌ಗೆ ಕಳಿಸ್ತೀನಿ. ವಿಷಾದ ಹಾಕಿಸದ ಒಂದೇ ಒಂದು ವರದಿ ಮಾಡಲಿ, ಜಾಗ ಕಾಯಂ. ಇಲ್ಲದಿದ್ರೆ ವಾಪಸ್ ನಿಮ್ಮ ಗಿರಣಿಗೇ."

ಚನ್ನಾಜಮ್ಮ ಗಿರಣಿ ನಿಲ್ಲಿಸಿದಳು.

ಮೊದಲನೆಯ ಸಲ ತೆಂಗಿನ ನಾರಿನ ಗೋದಾಮಿಗೆ ಬೆಂಕಿ ಬಿತ್ತು. ಮರಿಸ್ವಾಮಪ್ಪ ಬುದ್ಧಿ ಹೇಳಿ ಕಳಿಸಿದರು: "ನೋಡಯ್ಯ, ಕಣ್ಣಿಗೆ ಕಂಡದ್ದನ್ನ ಮಾತ್ರ ಹೇಳು. ಕಾಣದ್ದನ್ನ ಹೇಳಬೇಡ."

ಕೆಂಪು ದೀಪ ಹತ್ತಿತು. ಗಿರಣಿ ನಿಂತಿತು. ಡಬ್ಬ ಹಿಡಿದು ಸರದಿಯಲ್ಲಿದ್ದ ಹೆಂಗಸರೆಲ್ಲ ಗೋಡೆಯ ಟಿವಿಯತ್ತ ಕತ್ತೆತ್ತಿದರು. ಶಿವನಂಜ ಮೈಕು ಹಿಡಿದು ನಿಂತಿದ್ದ, ಮುಖ ಕ್ಯಾಮೆರಾಕ್ಕೆ, ಬೆನ್ನು ಗೋದಾಮಿಗೆ.

"ಶಿವನಂಜ ಅವರೇ, ಬೆಂಕಿ ಎಷ್ಟರ ಮಟ್ಟಿಗಿದೆ?" ಎಂದು ಸುದ್ದಿಯ ಹುಡುಗಿ ಕೇಳಿದಳು.

"ಬೆಂಕಿ ನನ್ನ ಕಣ್ಣಿಗೆ ಕಂಡಿಲ್ಲ ಮೇಡಂ."

ಅವನ ಬೆನ್ನ ಹಿಂದೆ ಉರಿ ತೆಂಗಿನ ಮರದೆತ್ತರಕ್ಕೆ ಎದ್ದಿತ್ತು.

"ಮತ್ತೆ ಏನು ಕಾಣ್ತಿದೆ?"

"ಕ್ಯಾಮೆರಾ ಹಿಡಿದಿರೋ ಜಬಿ ಅಣ್ಣ ಕಾಣ್ತಾನೆ. ಅವನ ಹಿಂದೆ ಕಬ್ಬಿನ ಹಾಲಿನ ಗಾಡಿ ಕಾಣ್ತದೆ. ಎಲ್ಲ ಶಾಂತವಾಗಿದೆ ಮೇಡಂ!"

"ಚನ್ನಾಜಕ್ಕ, ನಿನ್ನ ಮಗ ಬೆಂಕಿಗೇ ಬೆನ್ನು ತೋರಿಸಿದ ಧೀರ ಕಣೇ!" ಎಂದಳು ಸರದಿಯಲ್ಲಿದ್ದ ಪುಟ್ಟಸಿದ್ದಮ್ಮ. ಹೆಂಗಸರು ನಕ್ಕರು. ಚನ್ನಾಜಮ್ಮ ಕೆಮ್ಮಿದಳು. ಪರದೆಯ ಕೆಳಗೆ ಸಾಲು ಓಡಿತು: 'ಬೆಂಕಿ ಇಲ್ಲವೆಂಬ ವರದಿಗೆ ವಿಷಾದಿಸುತ್ತೇವೆ.'

"ಅಯ್ಯೋ ಮಂಕೇ! ಕಾಣದಿದ್ರೆ ಅಲ್ಲಿರೋ ಜನರನ್ನ ಕೇಳಬೇಕು ಕಣಯ್ಯ!" ಎಂದು ಮರಿಸ್ವಾಮಪ್ಪ ರೇಗಿದರು. "ಮೂರು ಜನರನ್ನ ಕೇಳು. ಅವರು ಹೇಳಿದ್ದನ್ನೆಲ್ಲ ಸೇರಿಸಿ ಹೇಳು."

"ಆಗಲಿ ಸಾರ್. ಸೇರಿಸಿ ಹೇಳ್ತೀನಿ."

ಎರಡನೆಯ ಸಲ ಕರಿಗುಡ್ಡದ ತಪ್ಪಲಿನಲ್ಲಿ ಚಿರತೆ ಕಾಣಿಸಿಕೊಂಡಿತು. ಶಿವನಂಜ ಮೂವರನ್ನು ಕೇಳಿದ.

"ಒಂದು ಚಿರತೆ ಕಣಪ್ಪ, ಕರು ಹೊತ್ತುಕೊಂಡು ಹೋಯ್ತು" ಎಂದ ಕರುವಿನ ಯಜಮಾನ.

"ಒಂದಲ್ಲ, ಮೂರಾದರೂ ಇರಬೇಕು" ಎಂದ ಪಕ್ಕದ ಹೊಲದವನು.

"ಐದು ಕಣಣ್ಣ, ಮರಿಗಳನ್ನ ನೀವು ಲೆಕ್ಕಕ್ಕೇ ಹಿಡಿದಿಲ್ಲ!" ಎಂದ ಬಸ್ಸಿಳಿದು ಬಂದ ಮೂರನೆಯವನು.

ದೀಪ ಹತ್ತಿತು. ಗಿರಣಿ ನಿಂತಿತು. ಶಿವನಂಜ ಗಂಭೀರವಾಗಿ ಹೇಳಿದ: "ಮೂವರನ್ನು ಕೇಳಿದ್ದೇನೆ. ಒಬ್ಬರು ಒಂದು, ಒಬ್ಬರು ಮೂರು, ಒಬ್ಬರು ಐದು ಎಂದಿದ್ದಾರೆ. ಸೇರಿಸಿದರೆ ಒಟ್ಟು ಒಂಬತ್ತು ಚಿರತೆಗಳು!"

ಮರಿಸ್ವಾಮಪ್ಪ 'ವಿಷಾದಿಸುತ್ತೇವೆ' ಎಂದು ಬರೆಸುವಷ್ಟರಲ್ಲಿ ರಾಜಧಾನಿಯ ದೊಡ್ಡ ವಾಹಿನಿ ಅದನ್ನು ಎತ್ತಿಕೊಂಡಿತ್ತು: 'ಬಾಣಗೆರೆಗೆ ಒಂಬತ್ತು ಚಿರತೆಗಳ ಮುತ್ತಿಗೆ!' ದೊಡ್ಡವರು ವಿಷಾದವನ್ನು ಎತ್ತಿಕೊಳ್ಳಲಿಲ್ಲ. ಅಂಗಡಿಗಳು ಮುಚ್ಚಿದವು, ಶಾಲೆಗಳು ಮುಚ್ಚಿದವು. ಹಿಟ್ಟು ಬೀಸಿಸಲು ಹೆಂಗಸರು ಹತ್ತು ಹತ್ತು ಜನ ಸೇರಿ, ದೊಣ್ಣೆ ಹಿಡಿದು ಬರತೊಡಗಿದರು.

"ಸೇರಿಸು ಅಂದ್ರೆ ಕೂಡು ಅಂತಲೇನೋ!" ಮರಿಸ್ವಾಮಪ್ಪ ತಲೆ ತಲೆ ಚಚ್ಚಿಕೊಂಡರು. "ಜನ ನೂರು ಹೇಳ್ತಾರೆ. ಅಧಿಕಾರಿ ಖಚಿತಪಡಿಸೋ ತನಕ ಒಂದು ಮಾತೂ ಆಡಬೇಡ. ಏನನ್ನೂ ಹೇಳಬೇಡ!"

"ಆಗಲಿ ಸಾರ್. ಏನನ್ನೂ ಹೇಳಲ್ಲ."

ಮೂರನೆಯ ಸಲ, ಅರಣ್ಯ ಇಲಾಖೆಯವರು ಕರಿಗುಡ್ಡದಲ್ಲಿ ಬೋನು ಇಡುವಾಗ ಮರಿಸ್ವಾಮಪ್ಪ ಶಿವನಂಜನನ್ನು ಅಲ್ಲಿಗೆ ಕಳಿಸಿದರು. ದೀಪ ಹತ್ತಿತು. ಗಿರಣಿ ನಿಂತಿತು. ಪರದೆಯ ಮೇಲೆ ಶಿವನಂಜ ಬಾಯಿ ಬಿಗಿದು ನಿಂತಿದ್ದ.

"ಶಿವನಂಜ ಅವರೇ, ಅಲ್ಲೇನಾಗ್ತಿದೆ?"

ಮಾತಿಲ್ಲ.

"ಶಿವನಂಜ ಅವರೇ, ನನ್ನ ಮಾತು ಕೇಳಿಸ್ತಿದೆಯಾ?"

ತಲೆಯಾಡಿಸಿದ. ಮಾತಿಲ್ಲ.

"ಅಯ್ಯೋ, ಮಾತಾಡೋ ನನ್ನಪ್ಪ" ಎಂದು ಕೆಳಗೆ ಚನ್ನಾಜಮ್ಮ ಟಿವಿಗೇ ಕೈ ಮುಗಿದಳು.

"ಹೋಗಲಿ, ಅಲ್ಲಿರೋದು ಶಿವನಂಜ ಅವರೇ ಅಲ್ವಾ? ಅದನ್ನಾದರೂ ಹೇಳಿ!"

ಶಿವನಂಜ ಪಕ್ಕಕ್ಕೆ ತಿರುಗಿದ. ಮೈಕನ್ನು ಪಕ್ಕದಲ್ಲಿದ್ದ ರೇಂಜರ್ ಮುದ್ದುಕೃಷ್ಣರ ಮುಂದೆ ಹಿಡಿದ. "ಸಾರ್, ನಾನು ಶಿವನಂಜ ಅಂತ ಖಚಿತಪಡಿಸ್ತೀರಾ?"

"ಯಾರ್ರೀ ನೀವು? ನಿಮ್ಮನ್ನ ನಾನು ನೋಡೇ ಇಲ್ಲ!"

ಶಿವನಂಜ ಕ್ಯಾಮೆರಾಕ್ಕೆ ತಿರುಗಿದ. ತಿಳಿಸಬೇಕಾದ್ದನ್ನು ತಿಳಿಸಿದ: "ನಾನು ಶಿವನಂಜ ಎಂಬುದು ಇನ್ನೂ ಖಚಿತಪಟ್ಟಿಲ್ಲ ಮೇಡಂ."

ಅಂದು ಓಡಿದ ಸಾಲು: 'ನಮ್ಮ ವರದಿಗಾರ ಶಿವನಂಜನೇ. ಗೊಂದಲಕ್ಕೆ ವಿಷಾದಿಸುತ್ತೇವೆ.'

ಸಂಜೆ ಚನ್ನಾಜಮ್ಮ ಕೆಮ್ಮುತ್ತ ಕೆಮ್ಮುತ್ತ ಮೆಟ್ಟಿಲು ಹತ್ತಿದಳು. ಮೂರು ಸಲ ಮುಗಿದಿತ್ತು, ಒಂದೇ ಉಳಿದಿತ್ತು. "ಮರಿಸ್ವಾಮಪ್ಪಾರೆ, ಅವನಿಗೆ ಮುಂಚೆ ಹೇಳಿ ಕಳಿಸಬೇಡಿ. ಮಾತು ಹಳಸಿಹೋಗ್ತದೆ. ಆ ಹೊತ್ತಿಗೆ ಬೇಕಾದ್ದನ್ನ ಆ ಹೊತ್ತಿಗೇ ಹೇಳಿ."

ಮರಿಸ್ವಾಮಪ್ಪನವರಿಗೂ ಅದು ಸರಿಯೆನಿಸಿತು. ಶಿವನಂಜನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಬೆರಳೆತ್ತಿ ಹೇಳಿದರು: "ನೀನು ಯೋಚನೆ ಮಾಡಬೇಡ. ನಾನು ಇಲ್ಲಿಂದ ಕಿವಿಯಲ್ಲಿ ಏನು ಹೇಳ್ತೀನೋ ಅದನ್ನ ಮಾಡು. ಹೇಳಿದ ಕೂಡಲೇ ಮಾಡು!"

"ಆಗಲಿ ಸಾರ್. ಕೂಡಲೇ ಮಾಡ್ತೀನಿ."

ಎರಡು ದಿನಕ್ಕೆ ಚಿರತೆ ಬೋನಿಗೆ ಬಿತ್ತು. ಊರು ಸಮಾಧಾನಗೊಂಡಿತೆ? ಇಲ್ಲ! "ಒಂದು ಸಿಕ್ಕಿತು, ಉಳಿದ ಎಂಟು ಎಲ್ಲಿ?" ಎಂದು ಜನ ಮತ್ತಷ್ಟು ಹೆದರಿದರು. ರಾಜಧಾನಿಯ ದೊಡ್ಡ ವಾಹಿನಿಗೂ ಅದೇ ಪ್ರಶ್ನೆ. ಅವರ ವರದಿಗಾರರು ಇನ್ನೂ ದಾರಿಯಲ್ಲಿದ್ದರು. ಆದ್ದರಿಂದ ಡಂಗುರ ಟಿವಿಯ ಚಿತ್ರವನ್ನೇ ನಾಡಿಗೆಲ್ಲ ತೋರಿಸುವುದೆಂದು ಒಪ್ಪಂದವಾಯಿತು. ಅವರ ನಿರೂಪಕರೇ ಶಿವನಂಜನನ್ನು ಮಾತಾಡಿಸುವರು.

ದೀಪ ಹತ್ತಿತು. ಗಿರಣಿ ನಿಂತಿತು. ಗಿರಣಿ ನಿಂತರೆ ಮಹಡಿಯ ಮಾತು ಮೆಟ್ಟಿಲಿಳಿದು ಚನ್ನಾಜಮ್ಮನ ಕಿವಿಗೆ ಬೀಳುತ್ತಿತ್ತು. ಗುಡ್ಡದ ಚಿತ್ರ ಅವಳ ಟಿವಿಗೆ ಬರಲು ಮಾತ್ರ ಆರೇಳು ಕ್ಷಣ ತಡ. ಮಗನಿಗೆ ಏನು ಹೇಳಿದರೆಂಬುದನ್ನು ಮೊದಲು ಕೇಳಿ, ಮಗ ಏನು ಮಾಡಿದನೆಂಬುದನ್ನು ಆಮೇಲೆ ನೋಡುತ್ತಿದ್ದಳು.

"ಚಿರತೆ ಹೇಗಿದೆ ಅಂತ ವರ್ಣಿಸು. ತಲೆಯಿಂದ ಬಾಲದ ತನಕ, ಒಂದನ್ನೂ ಬಿಡಬೇಡ!" ಎಂದರು ಮೇಲೆ ಮರಿಸ್ವಾಮಪ್ಪ.

ಟಿವಿಯಲ್ಲಿ ಶಿವನಂಜ ಬೋನಿನ ಸರಳಿಗೆ ಮುಖ ಹಚ್ಚಿದ. "ತಲೆಯ ಮೇಲೆ ಒಂದು ಚುಕ್ಕೆ, ಎರಡು ಚುಕ್ಕೆ, ಮೂರು ಚುಕ್ಕೆ... ಕುತ್ತಿಗೆಯಲ್ಲಿ ಹದಿನೇಳು, ಹದಿನೆಂಟು..."

"ಶಿವನಂಜ ಅವರೇ, ಉಳಿದ ಎಂಟು ಚಿರತೆಗಳು..." ಎಂದು ರಾಜಧಾನಿಯ ನಿರೂಪಕ ಬಾಯಿ ಹಾಕಿದ.

"ಮೂವತ್ತೊಂದು, ಮೂವತ್ತೆರಡು..."

ಮೇಲಿನಿಂದ ಕೂಗು ಕೇಳಿತು: "ಸಾಕು! ಸಾಕು!"

ಹೆಂಗಸರು ಟಿವಿ ನೋಡುತ್ತಿದ್ದರು. ಚನ್ನಾಜಮ್ಮ ಎದೆ ಹಿಡಿದುಕೊಂಡಳು. "ಅಯ್ಯೋ ಶಿವನೇ! ಸಾಕು ಅಂದ್ರಲ್ಲೇ! ಮನೆಗೆ ಹೊಡ್ಕೊಂಡು ಬರ್ತಾನೆ!"

ಆರು ಕ್ಷಣ ಕಳೆಯಿತು. ಟಿವಿಯಲ್ಲಿ ಶಿವನಂಜ ಎಣಿಕೆ ನಿಲ್ಲಿಸಿ, ಚಿರತೆಯನ್ನು ಮೇಲಿಂದ ಕೆಳಗೆ ನೋಡಿ, ವಿನಯದಿಂದ ಹೇಳಿದ: "ಸಾರ್, ಸಾಕೋಕೆ ಮನೇಲಿ ಅವ್ವ ಒಬ್ಬಳೇ. ಹಿಟ್ಟಿನ ದೂಳು ಬೇರೆ, ಇದಕ್ಕೆ ಆಗಿಬರಲ್ಲ."

"ಏನಂತಿದಾನೆ ಇವನು? ಬಿಡೋ! ಅಯ್ಯೋ, ಬಿಟ್ಟುಬಿಡೋ ಮಾರಾಯ!" ಎಂದು ಮೇಲೆ ಮರಿಸ್ವಾಮಪ್ಪ ಅರಚಿದರು.

"ಬಿಡು ಅನ್ನಬೇಡಿ!" ಚನ್ನಾಜಮ್ಮ ಮೆಟ್ಟಿಲಿಗೆ ಓಡಿದಳು. "ಮರಿಸ್ವಾಮಪ್ಪಾರೆ, ಬಿಡು ಅನ್ನಬೇಡ್ರೀ!"

ಮೂರನೆಯ ಮೆಟ್ಟಿಲಿನಲ್ಲಿ ಅವಳಿದ್ದಾಗ ಕೆಳಗೆ ಹೆಂಗಸರು ಕಿಟಾರನೆ ಕಿರುಚಿದರು. ಶಿವನಂಜ ಬೋನಿನ ಕೀಲು ತೆಗೆದು, ಬಾಗಿಲನ್ನು ಎರಡೂ ಕೈಯಿಂದ ಮೇಲಕ್ಕೆ ಎತ್ತಿ ಹಿಡಿದಿದ್ದ.

ಚಿರತೆ ಹೊರಗೆ ಬಂದಿತು. ಅವನನ್ನೊಮ್ಮೆ ನೋಡಿತು, ಜಬಿಯನ್ನೊಮ್ಮೆ ನೋಡಿತು. ಮೂರೇ ನೆಗೆತಕ್ಕೆ ಗುಡ್ಡದ ಬಂಡೆ ದಾಟಿ ಕಣ್ಮರೆಯಾಯಿತು. ನೆರೆದ ಜನ ಮರ ಹತ್ತಿದ್ದರು. ರೇಂಜರ್ ಸಾಹೇಬರು ಜೀಪಿನ ನೆತ್ತಿಯ ಮೇಲಿದ್ದರು.

"ಏನಾಯ್ತು? ಬೋನು ತೆರೆದದ್ದು ಯಾರು?" ನಿರೂಪಕನ ದನಿ ಒಡೆಯಿತು. "ನಾಡಿನ ಜನ ಕೇಳ್ತಿದಾರೆ, ಯಾರು?"

ಶಿವನಂಜನ ಕಿವಿಯಲ್ಲಿ ಮರಿಸ್ವಾಮಪ್ಪನವರ ದನಿ ಅಡಗಿಹೋಗಿತ್ತು. ಹೇಳುವವರು ಯಾರೂ ಇಲ್ಲ. ಅವನು ಹಿಂದಿನ ಬುದ್ಧಿಮಾತುಗಳನ್ನೆಲ್ಲ ನೆನೆದುಕೊಂಡ. ತಿರುಗಿ ಖಾಲಿ ಬೋನನ್ನು ಕಣ್ಣಾರೆ ನೋಡಿದ. ಮರದ ಮೇಲಿದ್ದ ಮೂವರನ್ನು ಕೇಳಿದ. ಜೀಪಿನ ಬಳಿಗೆ ಹೋಗಿ ರೇಂಜರನ್ನು ಕೇಳಿದ. ಬಂದು ಹೇಳಿದ:

"ಬೋನು ತೆರೆದದ್ದು ನಾನು. ನನ್ನ ಕಣ್ಣಿಂದ ನೋಡಿದ್ದೇನೆ. ಮೂವರನ್ನು ಕೇಳಿದೆ, ಮೂವರೂ ನನ್ನನ್ನೇ ಬೈದರು. ರೇಂಜರ್ ಸಾಹೇಬರು ಖಚಿತಪಡಿಸಿ ಹೆಸರು ಬರೆದುಕೊಂಡಿದ್ದಾರೆ. ಯಾರಿಗೂ ಗಾಯವಿಲ್ಲ. ಉಳಿದ ಎಂಟು ಚಿರತೆ ಎಲ್ಲಿ ಎಂದೂ ಕೇಳಿದೆ. ಸಾಹೇಬರೇ ಹೇಳ್ತಾರೆ."

ಮೈಕು ಜೀಪಿನ ಮೇಲಕ್ಕೆ ಹೋಯಿತು. "ಎಂಟೂ ಇಲ್ಲ, ಗಿಂಟೂ ಇಲ್ಲ!" ರೇಂಜರ್ ಗುಡ್ಡ ಗುಡುಗುವಂತೆ ಕೂಗಿದರು. "ಹೆಜ್ಜೆ ಗುರುತು ನೋಡಿದೀವಿ, ಕ್ಯಾಮೆರಾ ಇಟ್ಟು ನೋಡಿದೀವಿ. ಇದ್ದದ್ದು ಒಂದೇ ಒಂದು ಕಣ್ರೀ! ಅದೂ ಈಗ ಹೋಯ್ತು!"

ಅಷ್ಟು ಹೊತ್ತಿಗೆ ಚನ್ನಾಜಮ್ಮ ಮಹಡಿ ತಲುಪಿದ್ದಳು. ಮರಿಸ್ವಾಮಪ್ಪ ಕುರ್ಚಿಯಲ್ಲಿ ಕುಸಿದಿದ್ದರು.

"ಮುಗೀತು ಅಮ್ಮಾ. ನಾಲ್ಕೂ ಮುಗೀತು. ವಿಷಾದ ಬರೆಸ್ತೀನಿ."

"ಬರೆಸಿ." ಚನ್ನಾಜಮ್ಮ ಉಸಿರು ಹಿಡಿದು ನಿಂತಳು. "ಯಾವ ಮಾತಿಗೆ ಬರೆಸ್ತೀರಿ?"

"ಚಿರತೆ ಬಿಟ್ಟನಲ್ಲ!"

"ಬಿಡು ಅಂದೋರು ಯಾರು? ನನ್ನ ಕಿವೀಲೇ ಕೇಳಿದೀನಿ. ಅದು ಬಿಡಿ. ಅವನು ಆಡಿದ್ರಲ್ಲಿ ಸುಳ್ಳು ಯಾವುದು? ತೋರಿಸಿ."

ಮರಿಸ್ವಾಮಪ್ಪ ಪೆನ್ನು ತೆರೆದರು. ಕೀಲು ತೆಗೆದದ್ದು ನಿಜ. ಮೂವರು ಬೈದದ್ದು ನಿಜ. ಗಾಯವಿಲ್ಲದ್ದು ನಿಜ. ಒಂದೇ ಚಿರತೆ ಎಂಬುದಂತೂ ಎಲ್ಲಕ್ಕಿಂತ ನಿಜ. ಕಿಟಕಿಯಾಚೆ ಪೇಟೆಯ ಅಂಗಡಿಗಳ ಷಟರುಗಳು ಒಂದೊಂದಾಗಿ ಏಳುವ ಸದ್ದು ಬರುತ್ತಿತ್ತು.  ವಿಷಾದಿಸಲು ಒಂದಕ್ಷರವೂ ಸಿಗಲಿಲ್ಲ. ಕೊನೆಗೆ ಪೆನ್ನು ಮುಚ್ಚಿ, ಶಿವನಂಜನ ಇಯರ್‌ಫೋನಿನ ಲೈನಿಗೆ ಬಂದರು.

"ಶಿವನಂಜ, ಕೇಳಿಸ್ತಿದೆಯಾ? ನಿನ್ನ ಜಾಗ ಕಾಯಂ ಕಣಯ್ಯ! ಇವತ್ತಿಂದಲೇ ಕಾಯಂ!"

ಚನ್ನಾಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸಂಜೆಯಾಯಿತು, ಮಗ ಬರಲಿಲ್ಲ. ಜಬಿ ಬಂದ, ಕ್ಯಾಮೆರಾ ಬಂತು, ಮಗ ಬರಲಿಲ್ಲ. ಚನ್ನಾಜಮ್ಮ ರಾಗಿ ಮುದ್ದೆ, ಹುರುಳಿ ಸಾರು ಕಟ್ಟಿಕೊಂಡು ಕರಿಗುಡ್ಡಕ್ಕೆ ನಡೆದಳು. ಖಾಲಿ ಬೋನಿನ ಪಕ್ಕದಲ್ಲಿ, ಕಾಲ ಸುತ್ತ ಕೋಲಿನಿಂದ ಒಂದು ಗೆರೆ ಎಳೆದುಕೊಂಡು ಶಿವನಂಜ ನೆಟ್ಟಗೆ ನಿಂತಿದ್ದ.

"ಲೋ ಮಗ! ಇದೇನೋ? ಮನೆಗೆ ನಡಿ!"

"ಅವ್ವಾ, ನನ್ನ ಜಾಗ ಕಾಯಂ ಆಯ್ತು. ಸಾರ್ ಹೇಳಿದ್ರು. ಕಾಯಂ ಆದ ಜಾಗ ಬಿಟ್ಟು ಹೆಂಗೆ ಬರಲಿ?"

ಅವಳು ಬೈದಳು, ಬೇಡಿದಳು, ರೆಟ್ಟೆ ಹಿಡಿದು ಎಳೆದಳು. ಶಿವನಂಜ ಗೆರೆ ದಾಟಲಿಲ್ಲ. ಕೊನೆಗೆ ಗೆರೆಯಾಚೆ ಕುಳಿತು, ಬುತ್ತಿ ಬಿಚ್ಚಿ, ತುತ್ತು ಕೊಟ್ಟಳು. ಅವನು ಗೆರೆಯೊಳಗೆ ನಿಂತೇ ಉಂಡ. ಗಾಳಿ ತಣ್ಣಗೆ ಬೀಸುತ್ತಿತ್ತು. ಗುಡ್ಡವೇರಿ ಬಂದರೂ ತನಗೆ ಒಂದೂ ಕೆಮ್ಮು ಬಂದಿಲ್ಲವೆಂಬುದು ಚನ್ನಾಜಮ್ಮನಿಗೆ ಆಗ ತಿಳಿಯಿತು.

ಮರುದಿನ ಅವಳು ಗಿರಣಿಯನ್ನು ಬಾಡಿಗೆಗೆ ಕೊಟ್ಟು, ಬುತ್ತಿ ಹಿಡಿದು ಮತ್ತೆ ಗುಡ್ಡಕ್ಕೆ ಹೊರಟಳು.