ಡೊಂಕಿ ಕುಸ್ತಿ ಗೆದ್ದದ್ದು

ಒಂದೂರಿತ್ತಂತೆ, ಬೀಗಾಪುರ ಅಂತ. ಎಲ್ಲಿತ್ತು ಅಂತ ನನ್ನ ಕೇಳಬೇಡಿ, ನನಗೆ ಹೇಳಿದೋರಿಗೇ ಗೊತ್ತಿರಲಿಲ್ಲ. ಆ ಊರಿಗೊಬ್ಬ ರಾಜ. ಮೊದಲು ಹೊಟ್ಟೆ ಬಂದು, ಸ್ವಲ್ಪ ಹೊತ್ತಾದ ಮೇಲೆ ರಾಜ ಬರ್ತಿದ್ದನಂತೆ, ಅಂಥ ಮೈ. ಹುಟ್ಟಿದಾಗಿನಿಂದ ಒಂದು ಕುಸ್ತಿ ಹಿಡಿದೋನಲ್ಲ. ಆದರೆ ಪಕ್ಕದ ದೇಶದ ರಾಜ ಐವತ್ತಾರು ದೇಶದ ಜಟ್ಟಿಗಳನ್ನ ಕರೆಸಿ ಕುಸ್ತಿ ಆಡಿಸಿದ ಅಂತ ಕೇಳಿದ್ದೇ ತಡ, ಇವನ ನಿದ್ದೆ ಹಾರಿಹೋಯ್ತು.

"ಮಂತ್ರಿಗಳೇ, ಮುಂದಿನ ಕುಸ್ತಿ ನಮ್ಮಲ್ಲೇ ಆಗಬೇಕು" ಅಂದ.

ಮುಂದಿನ ಕುಸ್ತಿ ನಮಗೆ ಬಿಟ್ಟುಕೊಡಿ ಅಂತ ಕೇಳೋಕೆ ಮಂತ್ರಿ ಪಕ್ಕದ ದೇಶಕ್ಕೆ ಓಡಿದ. ಅಲ್ಲಿನ ರಾಜ "ತಗೊಂಡು ಹೋಗಪ್ಪಾ, ಧಾರಾಳವಾಗಿ ತಗೊಂಡು ಹೋಗು" ಅಂತ ಕೈಮುಗಿದು ಕೊಟ್ಟುಬಿಟ್ಟನಂತೆ. ಅಷ್ಟು ಸಲೀಸಾಗಿ ಯಾಕೆ ಕೊಟ್ಟ ಅಂತ ನಮ್ಮ ಮಂತ್ರಿ ಒಂದು ಗಳಿಗೆ ಯೋಚನೆ ಮಾಡಬೇಕಿತ್ತು. ಮಾಡಲಿಲ್ಲ.

ಕುಸ್ತಿ ಅಂದ್ರೆ ಬರೀ ನೆಲದ ಮೇಲೆ ಹೊರಳಾಡೋದಲ್ಲ. ಕೆಮ್ಮಣ್ಣು ತಂದು, ಜರಡಿ ಹಿಡಿದು, ತುಪ್ಪ ಮಜ್ಜಿಗೆ ಹುಯ್ದು ಕಣ ಹದ ಮಾಡಬೇಕು. ಬಿದ್ದವನ ಮೈ ತರಚಬಾರದು ನೋಡಿ. ಮಂತ್ರಿ ಡಂಗುರ ಹೊಡೆಸಿದ. "ಮನೆಗೊಂದು ಪಾವು ತುಪ್ಪ! ಒಂದೇ ಪಾವು! ಬೆನ್ನಿಗೆ ಮಣ್ಣು ಹತ್ತಿದೋರು ಸೋತರು, ಕಣದಲ್ಲಿ ಕೊನೆಗೆ ಉಳಿದೋರು ಗೆದ್ದರು, ಗೆದ್ದೋರು ಕೇಳಿದ್ದನ್ನ ರಾಜರು ಕೊಡ್ತಾರೆ!"

ಊರ ಅಂಚಿನ ಮನೆಯಲ್ಲಿ ನಿಂಗಾಜಮ್ಮ ಅಂತ ಒಬ್ಬ ಮುದುಕಿ. ಮಗಳು ಬಾಣಂತನಕ್ಕೆ ಬಂದಿದ್ದಳು. ಕೂಸಿಗೆ ತಾಯಿ ಹಾಲು ಸಾಲದು. ಮನೆಯಲ್ಲಿದ್ದದ್ದು ಒಂದೇ ಎಮ್ಮೆ, ಹೆಸರು ಡೊಂಕಿ. ಅದರ ಒಂದು ಕೋಡು ಆಕಾಶ ನೋಡಿದರೆ ಇನ್ನೊಂದು ನೆಲ ನೋಡೋದು. ಅದರ ಹಾಲಲ್ಲಿ ಕೂಸು, ಅದರ ತುಪ್ಪದಲ್ಲಿ ಬಾಣಂತಿ ಬದುಕಿದ್ದರು. ಒಂದು ಪಾವು ತಾನೇ ಅಂತ ಮುದುಕಿ ಕೊಟ್ಟಳು.

ಸ್ವಲ್ಪ ದಿನಕ್ಕೆ ಮತ್ತೆ ಡಂಗುರ. "ಲೆಕ್ಕ ಸ್ವಲ್ಪ ಹೆಚ್ಚುಕಮ್ಮಿ ಆಯ್ತು. ಮನೆಗೊಂದು ಅಚ್ಚೇರು!" ಕೊಟ್ಟರು. ಮತ್ತೆ ಡಂಗುರ. "ಲೆಕ್ಕ ಸ್ವಲ್ಪ ಹೆಚ್ಚುಕಮ್ಮಿ ಆಯ್ತು. ಮನೆಗೊಂದು ಸೇರು!" ಹೆಚ್ಚಾದದ್ದನ್ನ ಜನ ಕಂಡರು. ಕಮ್ಮಿ ಯಾವತ್ತು ಆಗುತ್ತೋ ಅಂತ ಕಾದದ್ದೇ ಬಂತು.

ಬಾವಿಕಟ್ಟೆ ಮೇಲೆ ಹೆಂಗಸರು ಗುಸುಗುಸು ಶುರುಮಾಡಿದರು.

"ಜಟ್ಟಿಗಳು ಬಂದ್ರೆ ಊರಿಗೆ ಕೀರ್ತಿ ಬತ್ತದಂತೆ ಕಣಕ್ಕ."

"ಕೀರ್ತಿ ನಂಚ್ಕೊಂಡು ಮುದ್ದೆ ಉಣ್ಣಕ್ಕಾಯ್ತದಾ?"

ಅತ್ತ ಕಣದಲ್ಲಿ ಮಣ್ಣು ಕಲಸೋ ಉಸ್ತಾದನೂ ತಲೆ ಚಚ್ಚಿಕೊಂಡ. "ಸಾಕು ಸ್ವಾಮಿ, ಹದ ಆಗಿ ಬಾಳ ದಿನ ಆಯ್ತು."

ಮಂತ್ರಿ ಕಣ್ಣು ಕೆಂಪಗೆ ಮಾಡಿದ. "ಪಕ್ಕದ ರಾಜ ಹತ್ತು ಗಡಿಗೆ ಹುಯ್ದಿದ್ದ, ನಾವು ನೂರು ಹುಯ್ಯೋದು ಬೇಡ್ವಾ? ತರಿಸಿದ್ದು ಹುಯ್ಯದೆ ಇಟ್ಕೊಂಡ್ರೆ, ಯಾಕೆ ತರಿಸಿದ್ರಿ ಅಂತ ಜನ ಕೇಳಲ್ವೇನಯ್ಯಾ? ಹುಯ್ಯಿ!"

ಹುಯ್ದ. ತುಪ್ಪ ಮುಗೀತು, ಮಜ್ಜಿಗೆ ಮುಗೀತು. ಹಾಲು ತರಿಸೋಣ ಅಂದ್ರೆ ಜನ ನೀರು ಬೆರೆಸ್ತಾರೆ ಅಂತ ಮಂತ್ರಿಗೆ ಗುಮಾನಿ. "ಎಮ್ಮೆಗಳನ್ನೇ ಹಿಡ್ಕೊಂಡು ಬನ್ನಿ. ಕಣದ ಪಕ್ಕದಲ್ಲಿ ಕಟ್ಟಿ ನೇರವಾಗಿ ಮಣ್ಣಿಗೇ ಹಾಲು ಕರೀರಿ" ಅಂದ.

ಆಳುಗಳು ಬಂದು ಡೊಂಕಿಯ ಹಗ್ಗ ಬಿಚ್ಚಿದರು. ನಿಂಗಾಜಮ್ಮ ಅಡ್ಡ ನಿಂತಳು. "ಮಣ್ಣಿಗೆ ಹುಯ್ಯಕ್ಕೆ ಕೂಸಿನ ಬಾಯಿಂದ ಕಿತ್ಕೊಂಡೋಯ್ತೀರೇನ್ರಪ್ಪಾ?"

"ನಾವೇನು ಮಾಡಾನವ್ವಾ, ಅಪ್ಪಣೆ ಆಗ್ಬುಟ್ಟದೆ" ಅಂದರು. ಅವರ ಮನೆಯ ಎಮ್ಮೆಗಳೂ ಹೋಗಿದ್ದವು, ಪಾಪ.

ಎಮ್ಮೆ ಹೋದ ಮೇಲೆ ಕೂಸಿಗೆ ಗಂಜಿ ತಿಳಿಯೇ ಗತಿಯಾಯ್ತು. ಒಂದೆರಡು ದಿನದಲ್ಲಿ ಅದಕ್ಕೆ ಅಳೋ ತ್ರಾಣವೂ ಉಳೀಲಿಲ್ಲ. ಅದರ ಬತ್ತಿದ ಮುಖವನ್ನ ಮುದುಕಿ ಒಮ್ಮೆ ಸವರಿದಳು. ನನ್ನ ಎಮ್ಮೆ ಬಿಡಿಸ್ಕೊಂಡೇ ಬರ್ತೀನಿ ಅಂತ ಸೆರಗು ಬಿಗಿದು ಹೊರಟಳು. ಅವತ್ತೇ ಕುಸ್ತಿ.

ಸುಡು ಸುಡು ಬಿಸಿಲು. ಐವತ್ತಾರು ದೇಶದ ಜಟ್ಟಿಗಳು ತೊಡೆ ತಟ್ಟುತ್ತಾ ಬಂದು ಕಣ ನೋಡಿ ನಿಂತೇಬಿಟ್ಟರಂತೆ. ಕಣ ಎಲ್ಲಿದೆ? ಅದು ಕೆಸರಿನ ಗುಂಡಿ! ಅವರು ಮುಖ ಮುಖ ನೋಡಿಕೊಳ್ಳೋ ಹೊತ್ತಿಗೆ ಡೊಂಕಿ ಹಗ್ಗ ಕಿತ್ತುಕೊಂಡಿತು. ಬಿಸಿಲಲ್ಲಿ ಬೆಂದ ಎಮ್ಮೆಗೆ ತಣ್ಣನೆ ಕೆಸರು ಕಂಡರೆ ರಾಜ ಯಾರು, ಮಂತ್ರಿ ಯಾರು? ನೆಟ್ಟಗೆ ಹೋಗಿ ಕಣದ ನಟ್ಟನಡುವೆ ಹೊಟ್ಟೆ ಊರಿ ಮಲಗಿತು.

"ಎಳೀರಿ ಅದನ್ನ!" ಅಂತ ಮಂತ್ರಿ ಕಿರುಚಿದ.

ಒಬ್ಬ ಜಟ್ಟಿ ಬಾಲ ಹಿಡಿದು ಎಳೆದ. ಕಾಲು ಜಾರಿತು, ಅಂಗಾತ ಬಿದ್ದ. ಇಬ್ಬರು ಕೋಡು ಹಿಡಿದರು. ಇಬ್ಬರೂ ಅಂಗಾತ. ಹತ್ತು ಜನ ಸೊಂಟಕ್ಕೆ ಹಗ್ಗ ಹಾಕಿದರು, ಹತ್ತೂ ಜನ ಒಬ್ಬರ ಮೇಲೊಬ್ಬರು ಅಂಗಾತ. ಹೀಗೆ ಐವತ್ತಾರು ದೇಶವೂ ಆಕಾಶ ನೋಡಿ, ತೆವಳಿಕೊಂಡು ದಡ ಸೇರಿತು. ಡೊಂಕಿ ಮೆಲುಕು ಹಾಕುತ್ತಾ ಒಂದು ಕಿವಿ ಆಡಿಸಿತಂತೆ, ಅಷ್ಟೇ.

ಆಗ ಗುಂಪು ಸೀಳಿಕೊಂಡು ನಿಂಗಾಜಮ್ಮ ರಾಜನ ಮುಂದೆ ಬಂದಳು. "ಬುದ್ಧೀ, ಬೆನ್ನಿಗೆ ಮಣ್ಣು ಹತ್ತಿದೋರು ಸೋತಂಗೆ ಅಂತ ತಾನೇ ಡಂಗುರ ಹೊಡೆಸಿದ್ದು? ಈ ಜಟ್ಟಿಗಳ ಬೆನ್ನು ನೋಡಿ. ನಮ್ ಡೊಂಕಿ ಬೆನ್ನೂ ನೋಡಿ."

ಡೊಂಕಿಯ ಬೆನ್ನು ಒಣಗಿ ಕರ್ರಗೆ ಮಿಂಚುತ್ತಿತ್ತು.

"ಕಣದಲ್ಲಿ ಉಳಿದೋರು ಯಾರು ಬುದ್ಧಿ?"

ರಾಜ ಮಂತ್ರಿಯ ಮುಖ ನೋಡಿದ. ಮಂತ್ರಿ ಮೋಡ ನೋಡಿದ, ಮೋಡವೇ ಇರಲಿಲ್ಲ. ಇದ್ದಕ್ಕಿದ್ದಂಗೆ ರಾಜನ ಮುಖ ಅರಳಿತು. "ಹಂಗಾದ್ರೆ ಗೆದ್ದದ್ದು ನಮ್ಮ ಬೀಗಾಪುರವೇ! ಕೇಳಜ್ಜಿ, ಏನು ಬೇಕು ಕೇಳು!"

"ಗೆದ್ದೋಳಿಗೆ ಮಾತು ಬರಾಕಿಲ್ಲ, ಅವಳ ಬದಲು ನಾನು ಕೇಳ್ತೀನಿ. ಊರ ಎಮ್ಮೆಗಳನ್ನೆಲ್ಲ ಈಗಲೇ ಬಿಡಿಸಿ. ಇನ್ಮುಂದೆ ಕುಸ್ತಿ ಆಡಿಸೋದಾದ್ರೆ ತುಪ್ಪ ಅರಮನೆ ಗಡಿಗೆಯಿಂದ್ಲೇ ಬರ್ಲಿ."

ರಾಜ ಗಾಬರಿಯಾದ. "ಆಮೇಲೆ ನಾನು ಊಟಕ್ಕೆ ಏನು ಹಾಕ್ಕೊಳ್ಳಲಿ?"

"ಉಪ್ಪು ಮೆಣಸಿನಕಾಯಿ ಹಾಕ್ಕೊಳ್ಳಿ ಬುದ್ಧಿ. ಹಸಿ ಬಾಣಂತಿ, ನನ್ ಮಗಳು, ಅದ್ರಲ್ಲೇ ಉಣ್ತಾವ್ಳೆ."

ರಾಜ ತಲೆ ತಗ್ಗಿಸಿದ. ಹೊಟ್ಟೆ ಅಡ್ಡ ಬಂದು ಪೂರ್ತಿ ತಗ್ಗಲಿಲ್ಲ, ಆದರೂ ತಗ್ಗಿಸಿದ. ಎಮ್ಮೆಗಳ ಹಗ್ಗ ಬಿಚ್ಚಿಸಿದ.

ನಿಂಗಾಜಮ್ಮ ಕಣದ ಅಂಚಿಗೆ ಹೋಗಿ "ಏಳವ್ವಾ, ಕೂಸು ಹಸ್ದದೆ" ಅಂದಳು. ಐವತ್ತಾರು ದೇಶಕ್ಕೆ ಜಗ್ಗದ ಡೊಂಕಿ ಎದ್ದು ಅವಳ ಹಿಂದೆ ಹೊರಟಿತು. ಅವತ್ತು ಕೂಸು ಹೊಟ್ಟೆ ತುಂಬ ಕುಡಿದು ಗಟ್ಟಿಯಾಗಿ ಅತ್ತಿತಂತೆ. ಆ ಅಳು ಕೇಳಿ ಬಾಣಂತಿ ನಕ್ಕಳಂತೆ.

ರಾಜನಿಗೆ ಕುಸ್ತಿಯ ಮೇಲಿನ ಆಸೆ ಅಲ್ಲಿಗೇ ಕರಗಿ, ಚೌಕಾಬಾರದ ಮೇಲೆ ಪ್ರೀತಿ ಹುಟ್ಟಿತು. ಅದಕ್ಕೆ ನಾಲ್ಕು ಕವಡೆ ಸಾಕಲ್ಲ.

ಅವರು ಅಲ್ಲಿ ಮಜ್ಜಿಗೆ ಕುಡಿದು ತಣ್ಣಗಿದ್ದಾರೆ, ನಾನಿಲ್ಲಿ ಕತೆ ಹೇಳಿ ಬಾಯಿ ಒಣಗಿಸ್ಕೊಂಡಿದೀನಿ. ಯಾರಾದರೂ ಏಳಿ, ಒಂದು ಲೋಟ ನೀರು ಕೊಡಿ.