ಬಿಳೀ ರಕ್ಕಸನ ಮೈಯೊಳಗಿನ ನೆಂಟರು

"ರಕ್ಕಸನ ಮೂರು ಒಗಟು ಬಿಡಿಸಿದೋನಿಗೆ ಅರ್ಧ ರಾಜ್ಯ, ಜೊತೆಗೆ ರಾಜಕುವರಿ. ತಪ್ಪಿದೋನಿಗೆ ಸಾವು" ಅಂತ ಕಡಲತಡಿಯ ಬಿಜ್ಜರಾಯ ಡಂಗುರ ಹೊಡೆಸಿದ. ಆ ಸದ್ದಿಗೆ ಮೀನುಗಳೂ ದಡಕ್ಕೆ ಬಂದು ಕಿವಿಗೊಟ್ಟವು. ಮೀನಿಗೆಲ್ಲಿ ಕಿವಿ ಅನ್ನಬೇಡಿ, ಆಗ ಇತ್ತು.

ರಾಯ ತಾನೆ ಏನು ಮಾಡ್ಯಾನು? ಸಮುದ್ರದಿಂದ ಎದ್ದುಬಂದ ರಕ್ಕಸ, ರಾಯನ ಮಗಳು ಚಂಪಕಾಳ ಕೈ ಹಿಡಕೊಂಡು ಒಡ್ಡೋಲಗದಲ್ಲೇ ಕೂತುಬಿಟ್ಟಿದ್ದ. ಆನೆ ಗಾತ್ರ, ಆದರೆ ಕೂತ ಮಣೆ ಕಿರ್ ಅನ್ನಲಿಲ್ಲ. ಮೆಗ್ನೀಸಿಯಂ ಮೈ, ಅಷ್ಟು ಹಗುರ. ಮೈತುಂಬ ಗುಳಿ, ಗುಳಿಯಿಂದ ಬೂದಿ ಉದುರೋದು. ಅವನು ಹಿಡಿದ ಕಡೆಯಿಂದ ಹುಡುಗಿ ಕೈಯೂ ಬೆಳ್ಳಗೆ ಲೋಹವಾಗ್ತಾ ಮೊಣಕೈ ಮುಟ್ಟಿತ್ತು.

ಮೊದಲು ಬಂದೋನು ಪಕ್ಕದ ದೇಶದ ಯುವರಾಜ. ರಕ್ಕಸ ಕೇಳಿದ: "ಒಂಟಿಯಾಗಿದ್ರೆ ನಾನು ಮೆದು. ಒಬ್ಬ ನೆಂಟ ಹದವಾಗಿ ಬಂದು ಸೇರಿದ್ರೆ ಗಟ್ಟಿ, ಆದ್ರೂ ಹಗುರ. ಅವನು ಅತಿಯಾದ್ರೆ ಪಟಾರ್ ಅಂತ ಮುರೀತೀನಿ. ಯಾರವನು?"

ಯುವರಾಜ ಬಂಗಾರ ಅಂದ. ರಕ್ಕಸ ಮೆಲ್ಲಗೆ ಊದಿದ. ಯುವರಾಜ ನಿಂತಲ್ಲೇ ನಿಂತಿದ್ದ, ಕಿರೀಟವೂ ಅಲ್ಲಾಡಲಿಲ್ಲ. ಕಿಟಕಿಯಿಂದ ಗಾಳಿ ಬಂತು, ನೋಡಿದರೆ ಬರೀ ಬೂದಿ.

ಎರಡನೆಯೋನು ಜಾಣ, ಅಲ್ಯೂಮಿನಿಯಂ ಅಂದು ದಾಟಿದ. ರಕ್ಕಸ ಮುಂದಿನದು ಕೇಳಿದ: "ಸಾಸಿವೆಯಷ್ಟೇ ಬರ್ತಾನೆ. ಕೂತ ಮನೆನ ಕೊರೆದು ಬೂದಿ ಮಾಡ್ತಾನೆ, ತಾನು ಮಾತ್ರ ಸವೆಯಲ್ಲ. ಯಾರು?" ಜಾಣ ಸಮುದ್ರದ ಕಡೆ ನೋಡಿ ಉಪ್ಪು ಅಂದ. ಅವನ ಬೂದಿಯನ್ನೂ ಗುಡಿಸಿದರು.

ಆಮೇಲೆ ರಾಜಕುಮಾರರೇ ಸಿಗಲಿಲ್ಲ. ಭಟರು ಬೀದಿಗಿಳಿದು, ಪಾತ್ರೆ ಎರಕ ಹೊಯ್ಯೋ ಸಿಂಗಣ್ಣನನ್ನ ರಟ್ಟೆ ಹಿಡಿದು ತಂದರು. ಅವನಿಗೆ ರಾಜ್ಯವೂ ಬೇಡ, ಹೆಂಡತಿಯೂ ಬೇಡ, ಜೀವ ಉಳಿದರೆ ಸಾಕಿತ್ತು. ಆದರೆ ಹುಡುಗಿಯ ಹೆಗಲು ಬೆಳ್ಳಗಾಗ್ತಿರೋದು ಕಂಡು ಓಡೋಕೆ ಕಾಲೇ ಬರಲಿಲ್ಲ. ರಕ್ಕಸ ಅವೇ ಎರಡು ಒಗಟು ಮತ್ತೆ ಕೇಳಿದ.

"ಮೊದಲನೇ ನೆಂಟ ಅಲ್ಯೂಮಿನಿಯಮ್ಮೇ ಸ್ವಾಮಿ. ಜೊತೆಗೆ ಒಂದು ಚಿಟಿಕೆ ಸತು ಇದ್ರೆ ಇನ್ನೂ ಗಟ್ಟಿ. ಎರಡನೆಯೋನು ಕಬ್ಬಿಣ. ಉಪ್ಪುನೀರು ಹೊರಗಿಂದ ಬರೋದು, ಅದಕ್ಕೆ ಒಳಗಿಂದ ಚಿಲಕ ತೆಗೆಯೋನು ಅವನು. ನಿಮ್ಮ ಲೋಹದಲ್ಲೇ ಒಂದ್ಸಲ ತಟ್ಟೆ ಎರೆದಿದ್ದೆ. ಎಂದಿನ ಅಭ್ಯಾಸ, ತುಕ್ಕು ಹಿಡಿದ ಕಬ್ಬಿಣದ ಸೌಟಲ್ಲೇ ಕದಡಿಬಿಟ್ಟೆ. ಕಡಲಗಾಳಿಗೆ ತಟ್ಟೆ ಜರಡಿಯಾಯ್ತು."

ರಕ್ಕಸ ತನ್ನ ಎದೆಯ ಗುಳಿ ಸವರಿಕೊಂಡ. "ಕೊಲ್ಲೋಕೆ ಬಂದೋರ ಕತ್ತಿಮೊನೆ ಇನ್ನೂ ಇದರೊಳಗಿದೆ ಕಣೋ" ಅಂದ. ಆಗ ಎಲ್ಲರಿಗೂ ಹೊಳೀತು, ಇವನು ಕೇಳ್ತಿರೋದು ಒಗಟಲ್ಲ, ತನ್ನ ಕಾಯಿಲೆಗೆ ಮದ್ದು.

"ಕೊನೇದು. ಆ ಕೊರಕನನ್ನ ಆಚೆಗೆ ಅಟ್ಟೋಕಾಗಲ್ಲ. ಅವನನ್ನ ತಬ್ಬಿಕೊಂಡು ತಳಕ್ಕೆ ಮುಳುಗೋನು ಯಾರು?"

ಬಿಳುಪು ಹುಡುಗಿಯ ಕುತ್ತಿಗೆಗೆ ಏರಿತು. ರಕ್ಕಸ ಊದೋಕೆ ಉಸಿರೆಳಕೊಂಡ. ಅಷ್ಟರಲ್ಲಿ ಸಿಂಗಣ್ಣನಿಗೆ ಅದೇ ಲೋಹ ಕರಗಿಸಿದ್ದ ಒಂದು ಮೂಸೆ ನೆನಪಾಯ್ತು. ಕೈತಪ್ಪಿ ಅದರೊಳಕ್ಕೆ ಮ್ಯಾಂಗನೀಸ್ ಬಿದ್ದಿತ್ತು. ತಳದಲ್ಲಿ ಕರೀ ಗಸಿ ಕೂತು, ಮೇಲಿನ ರಸದಿಂದ ಎರೆದ ಬಟ್ಟಲು ಎಷ್ಟೋ ಮಳೆಗಾಲ ಕಳೆದರೂ ಗುಳಿಬಿದ್ದಿರಲಿಲ್ಲ.

"ಮ್ಯಾಂಗನೀಸ್" ಅಂದುಬಿಟ್ಟ.

ರಕ್ಕಸ ಹುಡುಗಿಯ ಕೈ ಬಿಟ್ಟ. ಸಿಂಗಣ್ಣ ಹೂಡಿದ ಹೊಸ ಮೂಸೆಯೊಳಗೆ ತಾನೇ ಇಳಿದು ಮಲಗಿದ. ಊರಿನಷ್ಟು ದೊಡ್ಡ ಮೂಸೆ ಅದು. ಕರಗಿದ ಲೋಹಕ್ಕೆ ಬೆಂಕಿ ಹತ್ತಿಕೊಂಡರೆ ಊರೇ ಬೆಳ್ಳಗೆ ಉರಿದುಹೋಗೋದು, ಅದಕ್ಕೆ ಗಾಳಿ ಸೋಕದ ಹಾಗೆ ಸಿಂಗಣ್ಣ ರಸದ ಮೇಲೆ ಗಂಧಕದ ಪುಡಿ ಉದುರಿಸ್ತಾನೇ ಇದ್ದ. ನೆಂಟರನ್ನೆಲ್ಲ ಹದವಾಗಿ ಸೇರಿಸಿ, ಗಸಿ ತಳಕ್ಕಿಳಿದ ಮೇಲೆ ಎರಕ ಹೊಯ್ದ. ಹೊಸ ರಕ್ಕಸ ಎದ್ದು, ಯಾರನ್ನೂ ನೋಡದೆ ಸಮುದ್ರಕ್ಕೆ ನಡೆದ. ಉಪ್ಪುನೀರು ಅವನನ್ನ ಮುಟ್ಟಿ ಸುಮ್ಮನೆ ಹಿಂದೆ ಸರೀತು.

ರಾಯ ಮಾತು ತಪ್ಪಲಿಲ್ಲ, ಅರ್ಧ ರಾಜ್ಯ ಕೊಟ್ಟು ಮಗಳನ್ನ ಧಾರೆ ಎರೆದ. ಚಂಪಕಾಳ ಕುತ್ತಿಗೆ ಹೆಗಲೆಲ್ಲ ಮೊದಲಿನಂತಾದವು, ಕೈ ಮಾತ್ರ ಲೋಹವಾಗೇ ಉಳೀತು. ಸಿಂಗಣ್ಣ ಅದನ್ನ ಹಿಡಿದಾಗ ಗರಿಯಷ್ಟು ಹಗುರ, ಬಾವಿಯಷ್ಟು ತಣ್ಣಗಿತ್ತು. ಬೆರಳೊಳಗೆ ಏನೋ ಏರಿ ಇಳೀತಿತ್ತು.

"ಹೆದರಬೇಡಿ" ಅಂದಳು ಅವಳು ಮೆಲ್ಲಗೆ. "ಇವನು ಒಗಟು ಕೇಳಲ್ಲ. ಬರೀ ಉಸಿರಾಡ್ತಾನೆ."