ಮದುವೆ ಕಂಬ

ಕ್ರೀಟ್ ದ್ವೀಪದ ದಕ್ಷಿಣ ತೀರದಲ್ಲಿ, ಕಡಲಿಗೆ ಮುಖ ಮಾಡಿದ ಗುಡ್ಡವೊಂದರ ನೆತ್ತಿಯ ಮೇಲೆ ಪುರಾತನ ದೇಗುಲವೊಂದು ಪಾಳುಬಿದ್ದಿದೆ. ಗೋಡೆಯಿಲ್ಲ, ಚಾವಣಿಯಿಲ್ಲ, ಒಣಹುಲ್ಲಿನ ನಡುವೆ ಒಂದೇ ಒಂದು ಅಮೃತಶಿಲೆಯ ಕಂಬ ನೆಟ್ಟಗೆ ನಿಂತಿದೆ. ಯಾವ ದೇವರ ಗುಡಿಯೆಂದು ಕೇಳಿದರೆ ಊರವರು ಪಂಡಿತರ ಕಡೆ ಕೈ ತೋರಿಸುತ್ತಾರೆ. ಕಂಬದ ಹೆಸರು ಕೇಳಿದರೆ ಮಾತ್ರ ‘ಮದುವೆ ಕಂಬ’ ಎಂದು ನಗುತ್ತಾರೆ.

ಹಿಂದೆ ಒಮ್ಮೆ ಇಲ್ಲಿ ಹನ್ನೆರಡು ಕಂಬಗಳಿದ್ದವಂತೆ. ದ್ವೀಪವನ್ನಾಳುತ್ತಿದ್ದ ಪರದೇಶದ ದೊರೆಗಳು ಕೋಟೆಗೆ ಕಲ್ಲು ಬೇಕೆಂದು ಹಡಗು ಕಳಿಸಿದರು. ಹನ್ನೊಂದು ಕಂಬಗಳು ಉರುಳಿ ಹಡಗು ಸೇರಿದವು. ಕೊನೆಯದನ್ನಾದರೂ ಉಳಿಸಿಕೊಳ್ಳಬೇಕೆಂದು ಆರ್ಗಿರೋ ಎಂಬ ಬೆಸ್ತರ ವಿಧವೆ ನಿಶ್ಚಯಿಸಿದಳು. ನೀರಡಿಯ ಬಂಡೆಗಳನ್ನು ತಪ್ಪಿಸಿ ದಡ ಸೇರಲು ದೋಣಿಗಳಿಗೆ ಈ ಗುಡ್ಡದ ಕಂಬಗಳೇ ಗುರುತು. ಅವಳ ಇಬ್ಬರು ಗಂಡುಮಕ್ಕಳೂ ಕಡಲಿಗಿಳಿಯುವವರು. ಮರುದಿನ ಅವಳ ಮಗಳ ಮದುವೆ. ಬೆಳಗಾಗುತ್ತಲೇ ಗುಡ್ಡ ಹತ್ತಿ, ಉಳಿದೊಂದು ಕಂಬಕ್ಕೆ ಹಳೆಯ ಹಾಯಿಬಟ್ಟೆಯ ಚಪ್ಪರ ಕಟ್ಟಿಸಿಬಿಟ್ಟಳು. ಕಂಬ ಉರುಳಿಸಲು ದೊರೆಗಳ ದಳವಾಯಿ ಆಳುಗಳೊಂದಿಗೆ ಬಂದಾಗ, “ಮದುವೆ ಚಪ್ಪರ ಕೀಳುವುದು ನಿಮ್ಮ ಸೀಮೆಯಲ್ಲಿ ಶುಭವೇ, ದಳವಾಯಿಗಳೇ?” ಎಂದು ಕೇಳಿದಳು. ಅವನು ಶಕುನಕ್ಕೆ ಹೆದರುವ ಮನುಷ್ಯ. “ಊಟ ಮುಗಿಯಲಿ, ನಾಳೆ ನೋಡೋಣ” ಎಂದ.

ನಾಳೆ ಬಂದರೆ ಕುರುಬರ ಮನೆಯ ಮದುವೆ. ನಾಡಿದ್ದು ಇನ್ನೊಂದು. ನಿಶ್ಚಯವಾದವರು, ಆಗಲಿದ್ದವರು, ಕೊನೆಗೆ ಮಾತು ಬಿಟ್ಟಿದ್ದ ಜೋಡಿಯೊಂದೂ ಚಪ್ಪರದಡಿ ನಿಂತಿತು. ಕುರಿಮಾಂಸ, ದ್ರಾಕ್ಷಾರಸ ಕಂಡ ಆಳುಗಳಿಗೆ ಬೇಸರವೇನೂ ಇರಲಿಲ್ಲ. ಆರನೆಯ ದಿನ ಹಡಗಿನವರು ಹೇಳಿಕಳಿಸಿದರು: ಗಾಳಿ ತಿರುಗುತ್ತಿದೆ, ನಾಳೆ ಸಂಜೆಯೊಳಗೆ ಹೊರಡಲೇಬೇಕು. “ನಾಳೆ ಯಾರ ಮದುವೆ?” ಎಂದ ದಳವಾಯಿ. ಊರಲ್ಲಿ ಜೋಡಿಗಳು ಮುಗಿದಿದ್ದವು.

ಎಲ್ಲರ ಕಣ್ಣು ಎಣ್ಣೆಗಾಣದ ಸಿಫಿಸ್‌ನತ್ತ ಹೊರಳಿತು. ತನ್ನನ್ನು ಮದುವೆಯಾಗೆಂದು ಹತ್ತು ವರ್ಷಗಳಿಂದ ಅವನು ಆರ್ಗಿರೋಳನ್ನು ಕೇಳುತ್ತಲೇ ಇದ್ದ. ಮಕ್ಕಳು ಏನೆಂದುಕೊಂಡಾರು ಎಂದು ಅವಳು ತಳ್ಳುತ್ತಲೇ ಇದ್ದಳು. ಸಿಫಿಸ್ ತಲೆಯಲ್ಲಾಡಿಸಿದ. “ಇವತ್ತು ನಾನು ಕೇಳುವುದಿಲ್ಲ. ಕಂಬಕ್ಕಾಗಿ ಒಪ್ಪಿದಳು ಎನ್ನುವಂತಾಗಬಾರದು.”

ಆರ್ಗಿರೋ ಅವನನ್ನು ಮೊದಲ ಸಲ ಕಂಡಂತೆ ನೋಡಿದಳು. “ಕಂಬಕ್ಕಾಗಿಯಾದರೆ ಕಂಬವನ್ನೇ ಕಟ್ಟಿಕೊಳ್ಳುತ್ತಿದ್ದೆ, ಮಾರಾಯ. ದಳವಾಯಿಗಳೇ, ನಾಳೆ ನನ್ನ ಮದುವೆ. ಊಟಕ್ಕೆ ಬನ್ನಿ!”

ಮರುದಿನ ಕುಣಿತದ ನಡುವೆಯೇ ಹಡಗಿನ ಕಹಳೆ ಮೊಳಗಿತು. ಆಳುಗಳು ಕೈಯಲ್ಲಿದ್ದ ಮಾಂಸದ ತುಂಡನ್ನೂ ಬಿಡದೆ ಇಳಿಜಾರಿನಲ್ಲಿ ಓಡಿದರು ಎನ್ನುತ್ತಾರೆ.

ನೋಡಬಂದವರಿಗೆ ಈಗಲೂ ಕಂಬದ ಬುಡದಲ್ಲಿ ಸವೆದು ತಗ್ಗಾದ ಚಪ್ಪಡಿಯೊಂದು ಕಾಣುತ್ತದೆ. ಮುಂದೆ ಇಪ್ಪತ್ತು ವರ್ಷ ಆ ಗಂಡಹೆಂಡತಿ ಸಂಜೆ ಸಂಜೆಗೂ ಅಲ್ಲಿ ಕೂತು, ಮರಳುವ ದೋಣಿಗಳನ್ನು ನೋಡುತ್ತಿದ್ದರಂತೆ. ಇಬ್ಬರು ಕೂರಲು ಸರಿಯಾಗಿದೆ. ಮೂರನೆಯವರು ಜಾರಿ ಹುಲ್ಲಿಗೆ ಬೀಳುತ್ತಾರೆ.